ಕೊನೆಯ ಪುಸ್ತಕ ಬಸ್ಸಿಗೆ ಕೊಡಬೇಡ

ಕಮಲಾಪುರ

ಚಿ. ಸೌ. ಹುಲಿಗೆಮ್ಮನಿಗೆ,

ನನ್ನ ಮಗ ತೀರಿದ ಮೇಲೆ ನೀನು ಉಡಿಕೆ ಮಾಡಿಕೊಂಡು, ಎರಡನೆಯ ಗಂಡನ ಕೈಹಿಡಿದು, ಕಂಪ್ಲಿಯ ಹೊಸ ಮನೆ ಸೇರಿದೆ. ಅದಕ್ಕೆ ನನ್ನ ತಕರಾರಿಲ್ಲ. ನನ್ನ ಬಳಿಯೇ ಉಳಿದ ನಿನ್ನ ಮಗಳು ಪಲ್ಲವಿ, ತಾನು ಕಲಿತ ಅಕ್ಷರಗಳಷ್ಟೇ ಇರುವ ಸಣ್ಣ ಪುಸ್ತಕಗಳನ್ನು ನೀನು ಬಸ್ಸಿನಲ್ಲಿ ಕಳಿಸಿದರೂ ಮುಟ್ಟುತ್ತಿರಲಿಲ್ಲ.

“ಎಲ್ಲಾ ಓದಿ ಮುಗ್ಸು, ನಿಮ್ಮವ್ವ ಬರ್ತಾಳ” ಎಂದು ನಾನೇ ಹೇಳಿದೆ. ಈಗ ನೀನು ಕಲಿಸಿದಂತೆಯೇ ಬೆರಳಿಟ್ಟು, ಒಂದೊಂದು ಅಕ್ಷರದ ಸದ್ದು ಕೂಡಿಸಿ ಓದುತ್ತಾಳೆ. ನೀನು ಕಳಿಸಬೇಕಾದದ್ದು ಇನ್ನು ಒಂದೇ ಪುಸ್ತಕ ಬಾಕಿ. “ಜಲ್ದಿ ತರ್ಸಬೇ ಅಜ್ಜಿ” ಎಂದು ನಿನ್ನೆ ಸೆರಗು ಜಗ್ಗಿದಳು.

ನಾನು ಮಾತು ತಪ್ಪಿದವಳಲ್ಲ. ಅದನ್ನು ನೀನೇ ತಂದುಕೊಡು. ನಿನ್ನ ಈಗಿನ ಮನೆಯವರು ಬಿಡದಿದ್ದರೆ, ಕಳಿಸಲೇಬೇಡ. ಒಂದು ಪುಸ್ತಕ ಬಾಕಿ ಇರುವವರೆಗೆ ಅವಳು ಕಾದುಕೊಂಡಿರುತ್ತಾಳೆ.

ನಿನ್ನ ಮೊದಲಿನ ಅತ್ತೆ,
ಭರಮಮ್ಮ