ವಾರದ ಮಾತ್ರೆ

ತ್ರಿಪ್ಲಿಕೇನ್, ಚೆನ್ನೈ

ಜಲಜಾಕ್ಷಿ ಅತ್ತಿಗೆಯವರಿಗೆ ನಮಸ್ಕಾರ.

ನಿಮ್ಮ ಅಮ್ಮನ ಎರಡೂ ಕಿಡ್ನಿ ಕೆಟ್ಟಿವೆ. ಮೈಯಲ್ಲಿ ವಿಟಮಿನ್ ಡಿ ಮಿತಿಮೀರಿದ್ದೇ ಕಾರಣವಂತೆ. ಮೂಳೆಗೆ ಬಲ ಬರಲೆಂದು ಡಾಕ್ಟರು ಬರೆದುಕೊಟ್ಟದ್ದು ಆ ವಿಟಮಿನ್ನಿನ ವಾರಕ್ಕೊಂದು ಮಾತ್ರೆ. ನೀವು ಮೈಸೂರಿನಿಂದ ಫೋನ್ ಮಾಡಿ, "ಜಿಪುಣತನ ಮಾಡ್ಬೇಡ, ದಿನಾ ಒಂದು ಕೊಡು. ಎದುರು ಮಾತಾಡ್ಬೇಡ" ಎಂದಿರಿ.

ನಾನು ಎದುರು ಮಾತಾಡಲಿಲ್ಲ. ಮೂರು ತಿಂಗಳು ದಿನವೂ ಹಾಲಿನ ಜೊತೆ ಕೊಟ್ಟೆ. "ಕೊನೆಗೂ ನನ್ ಮಗಳ ಮಾತು ಕೇಳ್ದೆ" ಎಂದು ಅತ್ತೆ ಮೊದಲ ಸಲ ನನ್ನನ್ನು ಹೊಗಳಿದರು.

ಬರುವಾಗ ಹಳೆಯ ಮೆತ್ತನೆ ಸೀರೆ ತನ್ನಿ, ಆಸ್ಪತ್ರೆಯಲ್ಲಿ ಹಾಸಲು ಬೇಕು. ಉಳಿದ ಮಾತ್ರೆಗಳನ್ನು ನಿಮ್ಮ ಮಂಡಿನೋವಿಗೆಂದು ಇದರೊಡನೆ ಕಳಿಸಿದ್ದೇನೆ. ನೀವು ವಾರಕ್ಕೆ ಒಂದೇ ತೆಗೆದುಕೊಳ್ಳಿ. ದಿನಾ ನುಂಗಿದರೆ ವಿಷವೆಂದು ಔಷಧಿ ಅಂಗಡಿಯವನು ಮೊದಲ ದಿನವೇ ನನಗೆ ಹೇಳಿದ್ದ.

ಇತಿ,
ಹೇಳಿದಂತೆ ಕೇಳುವ ನಿಮ್ಮ ತಮ್ಮನ ಹೆಂಡತಿ,
ಊರ್ಮಿಳಾ