ಕುಡಿಯದವನ ತೂರಾಟ

ಭಾನುವಾರ, ೧೨ ಅಕ್ಟೋಬರ್ ೨೦೨೫

ಇದನ್ನು ಇಲ್ಲಿಯೂ ಬರೆಯದೆ ಬಿಡುವವಳಿದ್ದೆ. ಹೋದ ವರ್ಷ ಅಣ್ಣ ಮಲಗಿದ್ದಾಗ ಬಾಗಿ ಅವನ ಬಾಯಿ ಮೂಸಿ ನೋಡಿದ್ದೆ. ಯಾವ ವಾಸನೆಯೂ ಇರಲಿಲ್ಲ. ಆದರೂ ನಂಬಲಿಲ್ಲ. ಜೈನರ ಮನೆಯಲ್ಲಿ ಕುಡುಕ ಎಂಬ ಮಾತು ಎದ್ದರೆ ತಂಗಿಯೂ ಹೀಗೆ ಸಂಶಯಪಡುತ್ತಾಳೆಯೇ?

ಇವತ್ತೂ ಬೆಳಗಾವಿಯಿಂದ ಪ್ಯಾಸೆಂಜರ್ ರೈಲು ಹಿಡಿದು ಖಾನಾಪುರದ ಮನೆಗೆ ಬಂದೆ. ಶ್ರೇಣಿಕಣ್ಣ ಗೋಡೆ ಹಿಡಿದು ನಡೆಯುತ್ತಿದ್ದ. ಬಸದಿಯಲ್ಲಿ ಅಭಿಷೇಕದ ದಿನ ದೊಡ್ಡಪ್ಪನ ಮಗ ಮಹಾವೀರ ಅವನ ಕೈಯಿಂದ ಕಲಶ ಕಸಿದುಕೊಂಡಿದ್ದ. "ಕುಡದು ಬಂದಾನ" — ಎಲ್ಲರೆದುರು. ಅಣ್ಣ ಮತ್ತೆ ಆ ಕಡೆ ಹೋಗಿಲ್ಲ.

ಶನಿವಾರ, ೮ ನವೆಂಬರ್. ಮಧ್ಯಾಹ್ನ

ಆಸ್ಪತ್ರೆಯಲ್ಲಿ ಅಣ್ಣನಿಗೆ ಮಾಡಿಸಿದ ರಕ್ತಪರೀಕ್ಷೆಯ ರಿಪೋರ್ಟ್ ಬಂತು. ಅಟಾಕ್ಸಿಯಾ. ಕಿರುಮಿದುಳು ಸವೆದು ಮೈಯ ಹತೋಟಿ ತಪ್ಪುತ್ತದೆ; ಅದಕ್ಕೇ ಈ ತೂರಾಟ. ಅಪ್ಪನಿಂದ ಬಂದದ್ದು. ಡಾಕ್ಟರ್ ಮುಚ್ಚುಮರೆ ಮಾಡಲಿಲ್ಲ: ಗುಣಪಡಿಸುವ ಔಷಧ ಇನ್ನೂ ಇಲ್ಲ, ಫಿಸಿಯೋ ಬಿಡದಿದ್ದರೆ ನಡಿಗೆ, ಮಾತು ಹೆಚ್ಚು ವರ್ಷ ಉಳಿಯಬಹುದು. ಕಾಯಿಲೆ ಇದ್ದವರ ಪ್ರತಿ ಮಗುವಿಗೂ ಅರ್ಧ ಸಾಧ್ಯತೆ. ಅಂದರೆ ನನಗೂ... ಟೆಸ್ಟ್ ಮಾಡಿಸಲೇ? ತೀರ್ಮಾನಿಸಿಲ್ಲ.

ಆಸ್ಪತ್ರೆಯ ಹೊರಗೆ ರಿಕ್ಷಾದವನು: "ಮುಂಜಾನೇನ ಏರಿಸೀರೇನ್ರಿ, ಸಾಹೇಬ್ರ?"

ನಾನು ನೆಲ ನೋಡಿದೆ. ಅಣ್ಣ ನೆಟ್ಟಗೆ ನಿಂತ. "ಇಲ್ಲೋ ಮಾರಾಯಾ. ಅಪ್ಪನ ಆಸ್ತಿ. ಮಂದಿಗೆ ಹೊಲ ಬರತೈತಿ, ನನಗ ಈ ಬ್ಯಾನಿ ಬಂತು."

ರಿಕ್ಷಾದವನೇ ಇಳಿದು ಕೈ ಕೊಟ್ಟು ಹತ್ತಿಸಿದ. ದಾರಿಯುದ್ದಕ್ಕೂ ಅಣ್ಣನ ಭುಜಕ್ಕೆ ಆತು ಕುಳಿತೆ. ಹೆಮ್ಮೆಯಿಂದ.

ಭಾನುವಾರ, ೧೬ ನವೆಂಬರ್

ದೊಡ್ಡಪ್ಪನೂ ಕೊನೆಗೆ ಹೀಗೇ ತೂರಾಡುತ್ತಿದ್ದರು. ಹಾಗಾದರೆ ಮಹಾವೀರನಿಗೂ, ಅವನ ಮಕ್ಕಳಿಗೂ ಇದು ಬಂದಿರಬಹುದು — ಹೇಳಲೇಬೇಕು. ಅವನು ನಮ್ಮ ಫೋನ್ ಎತ್ತುವುದಿಲ್ಲ. ಕಾಕತಿ ಊರಿನ ಅವನ ಮನೆಗೆ ಪತ್ರವೇ ಗತಿ. ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು. ಕನ್ನಡದಲ್ಲಿ ಮೂರು ಸಲ ಬರೆದು ಹರಿದೆ. ಪ್ರತಿ ಸಲವೂ ಕಲಶದಿಂದಲೇ ಶುರುವಾಗುತ್ತಿತ್ತು. ನಾಲ್ಕನೆಯದನ್ನು ಅಣ್ಣನಿಗೆ ಓದಿದೆ.

"ಹಿಂಗ ಬರದ್ರ ಓದೂದಿಲ್ಲ, ಹರದ ಒಗೀತಾನ."

ಆಗ ಹೇಳಿಬಿಟ್ಟೆ. ಮೂಸಿದ್ದನ್ನು.

ನಕ್ಕ. "ಗೊತ್ತೈತವಾ. ಎಚ್ಚರ ಇದ್ದೆ."

ಹಾಳೆ ಮಡಚತೊಡಗಿದೆ. ಅಣ್ಣ ತಡೆದ.

"ಅದನ್ನ ಮೊದಲ ಬರಿ. ಖಾಸ ತಂಗೀನೇ ನಂಬಲಿಲ್ಲ ಅಂದ್ರ ಅವಗ ನಾಚಿಕಿ ಕಡಿಮಿ ಆಗತೈತಿ. ದವಾಖಾನಿಗೆ ಹೋಗ್ತಾನ. ಹುಡುಗರದು ಪ್ರಶ್ನೆ ಐತಿ."

ಕಲಶ ಕಸಿದವನ ಮಕ್ಕಳ ಬಗ್ಗೆ ಯೋಚಿಸುವವನು ನನ್ನ ಅಣ್ಣ. ಇಷ್ಟು ದೊಡ್ಡವನ ಬಾಯಿ ಮೂಸಿದ್ದೆ ನಾನು.

ಬರೆದೆ. ಸಹಿಗೆ ಪೆನ್ ಹಿಡಿಸಲು ಹೋದರೆ ನನ್ನ ಕೈ ಸರಿಸಿದ. ಐದು ನಿಮಿಷ ಬೇಕಾಯಿತು. ಓದಬಹುದು: ಶ್ರೇಣಿಕ.

ಸ್ಪೀಡ್ ಪೋಸ್ಟ್. ನಾಳೆ, ಸೋಮವಾರ, ೧೭ ನವೆಂಬರ್, ಅಂಚೆ ಕಚೇರಿ ತೆರೆದ ಕೂಡಲೇ ನಾನೇ ಹಾಕಿ ಬರುತ್ತೇನೆ.