ತಯಾರಿಸಿದವರ ಹೆಸರು, ವಿಳಾಸ

ನವೆಂಬರ್ 3, ಸೋಮವಾರ

ಹಿಟ್ಟು ಸಾಣಿಸಿ ಕೊಟ್ಟೆ. ಅವ್ವ ಬಡಿದಳು, ನಾನು ಹಂಚಿನ ಮೇಲೆ ನೀರು ಸವರಿ ತಿರುವಿ ಹಾಕಿದೆ. ಎಂಟಕ್ಕೆ ಡಬ್ಬಿ ಕಟ್ಟಿಕೊಂಡು ಕಾಲೇಜು. ದಿನಾ ಇದೇ.

ವಿಶ್ವಾರಾಧ್ಯ ಸರ್ ಇವತ್ತು ಹೊಸ ಪಾಠ ತೆಗೆದರು. ಉದ್ಯಮಶೀಲತೆ. ಸುರಪುರದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬರುತ್ತಾರಂತೆ, ಬಂದವರೇ ಬೋರ್ಡಿನ ಮೇಲೆ ಬರೆದರು— ಉದ್ಯಮಿ ಎಂದರೆ ಅವಕಾಶ ಕಂಡು, ಬಂಡವಾಳ ಕೂಡಿಸಿ, ರಿಸ್ಕ್ ಹೊರುವವನು. ಹೊರುವವಳು ಅಂತ ಬರೆಯಲಿಲ್ಲ. ಇರಲಿ. ಬರೀ ಪರೀಕ್ಷೆಗೆ ಅಂದುಕೊಂಡಿದ್ದೆ. ಅಲ್ಲ. ಇಬ್ಬಿಬ್ಬರು ಸೇರಿ ಎಂಟು ವಾರ ನಿಜವಾದ ವ್ಯಾಪಾರ ಮಾಡಿ ರಿಪೋರ್ಟ್ ಕೊಡಬೇಕು.

"ರಿಸ್ಕ್ ಅಂದ್ರ ಏನ್ರಿ ಸರ್?" ಹಿಂದಿನ ಬೆಂಚಿನಿಂದ ಯಾರೋ ಕೇಳಿದರು.

"ಕಳಕೊಳ್ಳಾಕ ತಯಾರಿರೋದು. ರೊಕ್ಕ, ಟೈಮು, ಮರ್ಯಾದಿ. ಮೂರರಾಗ ಒಂದರೆ ಹೋಗ್ತದ."

ಜೋಡಿಗಳ ಹೆಸರು ಓದಿದರು. ನನ್ನ ಪಾರ್ಟ್ನರ್ ಸೌಭಾಗ್ಯ. ಮಾರ್ಕೆಟ್ಟಿನ ಕಿರಾಣಿ ಅಂಗಡಿ ಚನ್ನಯ್ಯನವರ ಮಗಳು. ನನ್ನ ಡಬ್ಬಿಯ ರೊಟ್ಟಿ ದಿನಾ ಕಿತ್ತು ತಿನ್ನುವವಳು. ಕ್ಲಾಸು ಮುಗಿಯುವುದರೊಳಗೆ ಎಲ್ಲ ತೀರ್ಮಾನ ಮಾಡಿಬಿಟ್ಟಳು. "ನಿಮ್ಮವ್ವ ಖಡಕ್ ರೊಟ್ಟಿ ಬಡೀಲಿ. ನಮ್ಮ ಅಂಗಡ್ಯಾಗಿಟ್ಟು ಮಾರೋಣು. ತಿಂಗಳಾದ್ರೂ ಕೆಡಂಗಿಲ್ಲ. ಬೇರೆ ಏನೂ ಹುಡುಕೋದು ಬ್ಯಾಡ."

ನಕ್ಕೆ. ಒಳಗೆ ಹೆದರಿಕೆ. ನಮ್ಮ ಮನೆ ಅಂಬೇಡ್ಕರ್ ನಗರದಲ್ಲಿ. ಅದೊಂದು ಹೆಸರು ಕೇಳಿದರೆ ಸಾಕು, ಜಾತಿ ಯಾವುದೆಂದು ಯಾರೂ ಬೇರೆ ಕೇಳುವುದಿಲ್ಲ. ಅವರ ಅಂಗಡಿಯಲ್ಲಿ ನಮ್ಮ ಮನೆಯ ರೊಟ್ಟಿ... ಸೌಭಾಗ್ಯಳಿಗೆ ಇದು ತಲೆಗೇ ಬಂದಿಲ್ಲ. ಪುಣ್ಯವಂತೆ.

ನವೆಂಬರ್ 8, ಶನಿವಾರ

ಮೊದಲ ಮೂವತ್ತು ಪ್ಯಾಕೆಟ್ ಕೊಟ್ಟು ಬಂದೆ. ಬಿಳಿ ಕವರು, ಒಳಗೊಂದು ಚೀಟಿ, 'ಖಡಕ್ ಜೋಳದ ರೊಟ್ಟಿ' ಅಂತ ನನ್ನದೇ ಅಕ್ಷರ. ಬೇರೆ ಏನೂ ಬರೆದಿಲ್ಲ.

ಬೆಳಗಿನ ಹೊತ್ತು ಗಲ್ಲಾದಲ್ಲಿ ಕೂರುವವರು ಸೌಭಾಗ್ಯಳ ಅಜ್ಜಿ, ಭೀಮಾಬಾಯಿ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಒಂದು ರೊಟ್ಟಿ ತೆಗೆದು ಕಿವಿಯ ಹತ್ತಿರ ಹಿಡಿದು ಮುರಿದರು. ಸದ್ದು ಕೇಳಿ ತಲೆ ಆಡಿಸಿದರು.

"ಕೈ ಚಲೋ ಅದ. ಯಾರ ಕೈಯಂದು?"

"ಇಕಿ ನಮ್ಮ ಗೆಳತಿ ಪರಿಮಳಾ. ಇವರವ್ವಂದು ಅಜ್ಜಿ," ಅಂದಳು ಸೌಭಾಗ್ಯ.

"ಯಾವ ಓಣ್ಯಾಗ ಇರ್ತೀರವ್ವಾ?"

"ಇಲ್ಲೇ ರಿ," ಅಂದೆ. ಇಲ್ಲೇ ಅಂದರೆ ಎಲ್ಲಿ! ಬಸ್ಸು ಬಂತು ಅಂತ ಸುಳ್ಳು ಹೇಳಿ ಓಡಿ ಬಂದೆ. ಬಸ್ಸು ಹತ್ತಿ ಹೋಗುವಷ್ಟು ದೂರ ನನ್ನ ಮನೆಯೇ ಇಲ್ಲ. ಇದು ಆಮೇಲೆ ಹೊಳೆಯಿತು.

ನವೆಂಬರ್ 17

ಮೂವತ್ತೂ ಹೋದವು. ಮತ್ತೆ ಐವತ್ತು, ಅವೂ ಹೋದವು. ಸೌಭಾಗ್ಯ ಕುಣಿಯುವುದೊಂದು ಬಾಕಿ.

ಈ ವಾರದ ಪಾಠ ಗಿರಾಕಿ. ಸರ್ ಹೇಳಿದ್ದು ಬರೆದುಕೊಂಡೆ: "ಒಮ್ಮೆ ಒಯ್ದಾವ ಗಿರಾಕಿ ಅಲ್ಲ. ನೀವು ಯಾರಂತ ಗೊತ್ತಾಗಿ ಎರಡನೇ ಸಲ ಬರ್ತಾನಲ್ಲ, ಅವ ಗಿರಾಕಿ." ಗಿರಾಕಿಗಳನ್ನು ಮಾತಾಡಿಸಿ ಫಾರಂ ತುಂಬಿಸಬೇಕು. ಅಂಗಡಿಯ ಮೂಲೆಯಲ್ಲಿ ನಿಂತೆ. ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಿಂದ ಬಂದ ಒಬ್ಬ ಅಕ್ಕ, ಗಂಡ ಆಫೀಸಿನಲ್ಲಿ ಕ್ಲಾರ್ಕು, ಎರಡು ಪ್ಯಾಕೆಟ್ ಒಟ್ಟಿಗೇ ತೆಗೆದುಕೊಂಡರು.

"ಯಾಕ ಇದೇ ಬೇಕು ಅನ್ನಸ್ತದ್ರಿ ಅಕ್ಕ?"

"ಸ್ವಚ್ಛ ಮಂದಿ ಮಾಡ್ಯಾರ ಅನಸ್ತದವ್ವ. ನೋಡಿದ್ರ ತಿಳೀತದ."

ಫಾರಂನಲ್ಲಿ ಬರೆದೆ: ಕಾರಣ— ಸ್ವಚ್ಛತೆ. ಪೆನ್ನು ಹಿಡಿದ ಬೆರಳಿನ ಉಗುರಲ್ಲಿ ಬೆಳಗಿನ ಹಿಟ್ಟು ಇನ್ನೂ ಇತ್ತು. ಕೈ ಹಿಂದೆ ಇಟ್ಟುಕೊಂಡೆ.

ನವೆಂಬರ್ 25

ಅರ್ಧ ರಿಪೋರ್ಟ್ ವಾಪಸ್ ಬಂತು. ಕೆಂಪು ಪೆನ್ನಿನಲ್ಲಿ: ಲೇಬಲ್ ಎಲ್ಲಿ? ತಯಾರಿಸಿದವರ ಹೆಸರು, ವಿಳಾಸ ಕಡ್ಡಾಯ.

ಕ್ಲಾಸಿನಲ್ಲಿ ಎಲ್ಲರೆದುರು ಹೇಳಿದರು. "ಹೆಸರಿಲ್ಲದ ಮಾಲು ಮಾರೋದು ವ್ಯಾಪಾರ ಅಲ್ಲ. ತಿನ್ನೋ ಸಾಮಾನಿಗೆ ಕಾಯ್ದೆನೇ ಅದ. ನಾಳಿ ಯಾರದರೆ ಹೊಟ್ಟಿ ಕೆಟ್ಟರ ಯಾರ ಬಾಗಲಿಗೆ ಬರಬೇಕು?"

ಬಾಗಿಲಿಗೆ ಬಂದರೆ ಗೊತ್ತಾಗುತ್ತದಲ್ಲ ಸರ್, ಅದೇ ನನ್ನ ಸಂಕಟ. ಹೇಳಲಿಲ್ಲ. ಹೌದ್ರಿ ಸರ್ ಅಂದೆ. ಅವರು ಒಳ್ಳೆಯವರೇ. ಬರೆಯಲು ಹೇಳಿದ್ದು ಎರಡೇ ಸಾಲು. ಅವರ ವಿಳಾಸ ಯಾರಿಗೂ ಹೆದರಿಕೆ ಹುಟ್ಟಿಸುವಂಥದ್ದಲ್ಲ.

ನವೆಂಬರ್ 28, ಬೆಳಿಗ್ಗೆ

ಲೇಬಲ್ ಆಯಿತು. 'ಪರಿಮಳಾ ಖಡಕ್ ರೊಟ್ಟಿ, ಶಹಾಪುರ'. ಅಷ್ಟೇ. ಶಹಾಪುರ ದೊಡ್ಡ ಊರು, ಯಾರು ಹುಡುಕುತ್ತಾರೆ!

ಅವ್ವ ಪ್ಯಾಕೆಟ್ ಕೈಗೆತ್ತಿಕೊಂಡಳು. ಸಂಜೆ ಶಾಲೆಯಲ್ಲಿ ಕಲಿತ ಓದು ಅವಳದು, ಬೆರಳಿಟ್ಟು ನಿಧಾನಕ್ಕೆ ಓದುತ್ತಾಳೆ. ಓದಿ ಮುಗಿಸಿದಳು. ಪ್ಯಾಕೆಟ್ ತಿರುಗಿಸಿ ಹಿಂದುಗಡೆ ನೋಡಿದಳು. ಮತ್ತೆ ಮುಂದಕ್ಕೆ ತಿರುಗಿಸಿದಳು. ಒಲೆ ಮುಂದೆ ಹೋಗಿ ಕುಳಿತಳು.

ಬೈದಿದ್ದರೆ ಚೆನ್ನಾಗಿತ್ತು.

ಡಿಸೆಂಬರ್ 6

ಓಣಿಯಲ್ಲಿ ಬಾಬಾಸಾಹೇಬರ ಫೋಟೋ ಮುಂದೆ ಮೇಣದಬತ್ತಿ. ಅವ್ವ ಬಿಳಿ ಸೀರೆ ಉಟ್ಟು ಬಂದು ಕೈ ಮುಗಿದಳು. ನಾನು ಪಕ್ಕದಲ್ಲಿ ನಿಂತಿದ್ದೆ, ನಾಚಿಕೆಯಾಯಿತು.

ಬರೆದೇ ಬಿಡುತ್ತೇನೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ನಮ್ಮ ಹಳ್ಳಿಯ ಶಾಲೆಗೆ ಅವ್ವನನ್ನು ಬಿಸಿಯೂಟಕ್ಕೆ ತೆಗೆದುಕೊಂಡರು. ಅಡುಗೆಮನೆಯ ಗೋಡೆಗೆ ಹೆಸರು ಬರೆಸಿದ್ದರು— ಅಡುಗೆಯವರು: ಮರಿಲಿಂಗಮ್ಮ ಗಂಡ ಸಾಬಣ್ಣ. ಮರುದಿನದಿಂದ ಹುಡುಗರು ಮನೆಯಿಂದಲೇ ಡಬ್ಬಿ ತಂದರು. ಹದಿನೈದು ದಿನ. ಮಾಡಿದ ಅನ್ನ ಹಾಗೇ ಹಂಡೆಯಲ್ಲಿ. ನಮ್ಮ ಓಣಿಯ ಆರೇಳು ಮಕ್ಕಳು ಮಾತ್ರ ತಟ್ಟೆ ಹಿಡಿದು ಕೂರುತ್ತಿದ್ದೆವು, ಎಷ್ಟು ತಿಂದರೂ ಹಂಡೆ ಇಳಿಯುತ್ತಿರಲಿಲ್ಲ. ನಾನು ಹೊಟ್ಟೆ ನೋಯುವಷ್ಟು ತಿನ್ನುತ್ತಿದ್ದೆ. ಹದಿನಾರನೇ ದಿನ ಅವ್ವನಿಗೆ ಬರಬೇಡ ಅಂದರು. ಆ ವರ್ಷವೇ ಶಹಾಪುರಕ್ಕೆ ಬಂದೆವು, ಅಪ್ಪನಿಗೆ ಕ್ಯಾಂಪಿನಲ್ಲಿ ವಾಚ್‌ಮನ್ ಕೆಲಸ ಸಿಕ್ಕಿತು.

ಗೋಡೆ ಮೇಲಿನ ಹೆಸರಿಗೂ ಲೇಬಲ್ ಮೇಲಿನ ಹೆಸರಿಗೂ ಏನು ವ್ಯತ್ಯಾಸ? ಸರ್ ಹೇಳಲಿ ನೋಡೋಣ.

ಡಿಸೆಂಬರ್ 10

ಸೌಭಾಗ್ಯ ಮೆಟ್ಟಿಲ ಮೇಲೆಯೇ ಹಿಡಿದಳು. "ಬಲ್ಕ್ ಆರ್ಡರ್ ಬಂದದ! ಎಳ್ಳ ಅಮಾಸಿಗಿ ಇಪ್ಪತ್ತು ಪ್ಯಾಕೆಟ್ ಸಜ್ಜಿ ರೊಟ್ಟಿ. ಅಜ್ಜಿನೇ ಹೇಳ್ಯಾಳ. ನಮ್ಮ ಹೊಲಕ್ಕ."

ಅವರ ಹೊಲಕ್ಕೆ. ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಭೂಮಿತಾಯಿಗೆ ಎಡೆ ಇಟ್ಟು, ಬೆಳೆಯ ಸುತ್ತ ಎಡೆಯ ಅಡುಗೆಯನ್ನು ಚರಗವೆಂದು ಚೆಲ್ಲಿ, ಆಮೇಲೆ ಊಟ. ಅಂದರೆ ಅವ್ವ ಬಡಿದ ರೊಟ್ಟಿ ಮೊದಲು ದೇವರಿಗೆ, ಆಮೇಲೆ ಭೀಮಾಬಾಯಿ ಅಜ್ಜಿಗೆ. ಗೊತ್ತಿಲ್ಲದೆ. ಗೊತ್ತಾದರೆ? ಯಾರಾದರೂ ಹೇಳಿಯೇ ಹೇಳುತ್ತಾರೆ. ಇಷ್ಟು ದಿನ ತಿಂದಿದ್ದೆಲ್ಲ ನೆನಪಿಗೆ ಬರುತ್ತದೆ. ನಮ್ಮ ಮನೆ ಮುಂದೆ ಬಂದು ನಿಂತರೆ? ಅಪ್ಪನ ಕೆಲಸಕ್ಕೆ ಕಲ್ಲು ಬಿದ್ದರೆ?

ಡಿಸೆಂಬರ್ 11

ಆರ್ಡರ್ ಬೇಡ ಅನ್ನೋಣ ಅಂತ ಅವ್ವನಿಗೆ ಹೇಳಿದೆ. ಯಾಕೆ ಅಂತ ಕೇಳಿದಳು. ಹೇಳಿದೆ. ಹಿಟ್ಟಿನ ಪರಾತ ಪಕ್ಕಕ್ಕೆ ಸರಿಸಿದಳು.

"ನಾ ಮಾಡ್ತೀನಿ. ಆದ್ರ ಚೀಟಿ ಮ್ಯಾಲ ನನ್ನ ಹೆಸರ ಹಾಕು. ಓಣಿ ಹೆಸರೂ ಹಾಕು. ಇಲ್ಲಂದ್ರ ಹಿಟ್ಟಿಗಿ ಕೈ ಹಚ್ಚಂಗಿಲ್ಲ."

"ಶಾಲ್ಯಾಗ ಏನಾತು ಮರೆತೀ ಏನವ್ವ?"

"ಮರೆತಿಲ್ಲ. ಅಲ್ಲಿ ಗೊತ್ತಿದ್ದು ಬ್ಯಾಡ ಅಂದ್ರು. ಅದು ಅವರ ತಪ್ಪು, ನಂದಲ್ಲ. ತಲಿ ಎತ್ತಿ ಅಲ್ಲಿಂದ ಹೊಂಟು ಬಂದೆ. ಈಗ ಗೊತ್ತಿಲ್ಲದಾಂಗ ತಿನ್ನಸಾಕತ್ತೀವಿ. ನನ್ನ ರೊಟ್ಟಿನ ಕದ್ದು ಮಾರಿದಂಗಾಗ್ಯದ ನನಗ."

ಅವಳಿಗೆ ಧೈರ್ಯ ಇದೆ, ಸರಿ. ಅಂಗಡಿಗೆ ಹೋಗಿ ನಿಲ್ಲಬೇಕಾದವಳು ನಾನು.

ಡಿಸೆಂಬರ್ 13

ಅವ್ವನ ಹೆಸರು, ಓಣಿ ಹೆಸರು ಚೀಟಿ ಮೇಲೆ ಬರಬೇಕು ಅಂತ ಸೌಭಾಗ್ಯಳಿಗೆ ಹೇಳಿದೆ. ಹೂಂ ಅನ್ನುತ್ತಾಳೆ ಅಂದುಕೊಂಡಿದ್ದೆ. ನನ್ನ ಡಬ್ಬಿಯಲ್ಲಿ ಉಂಡವಳು.

"ಹಬ್ಬ ಆದ ಮ್ಯಾಲ ಹಚ್ಚೋಣೇನು?" ಅಂದಳು. "ನನಗೇನಿಲ್ಲ ಪರಿ. ಅಪ್ಪಗ ಗೊತ್ತಾದ್ರ..."

ಅವಳಿಗೂ ಇದೇ ಹೆದರಿಕೆ. ಇಷ್ಟು ದಿನ ತಲೆಗೇ ಬಂದಿಲ್ಲ ಅಂದುಕೊಂಡಿದ್ದೆ. ಬಂದಿತ್ತು. ಅದಕ್ಕೇ 'ನಮ್ಮ ಗೆಳತಿ' ಅಂದು ಅಲ್ಲಿಗೆ ನಿಲ್ಲಿಸುತ್ತಿದ್ದಳು. ಸಿಟ್ಟು ಬರಲಿಲ್ಲ, ಅಳು ಬಂತು.

ಡಿಸೆಂಬರ್ 16, ಮಧ್ಯಾಹ್ನ

ಯಾದಗಿರಿಗೆ ಹೋಗಿ ಲೇಬಲ್ ಪ್ರಿಂಟ್ ಹಾಕಿಸಿದೆ. ಶಹಾಪುರದಲ್ಲಿ ಮೂರು ಪ್ರಿಂಟಿಂಗ್ ಅಂಗಡಿ ಇವೆ. ಊರೆಲ್ಲ ಓದಲಿ ಅಂತ ಮಾಡಿಸುವ ಚೀಟಿಯನ್ನು ಊರಿಗೆ ಕಾಣದ ಹಾಗೆ ಮಾಡಿಸಲು ಬಸ್ ಚಾರ್ಜು ಕೊಟ್ಟೆ. ನನ್ನಂಥ ಉದ್ಯಮಿ ಪುಸ್ತಕದಲ್ಲಿ ಸಿಗಲಿಕ್ಕಿಲ್ಲ.

ಕಂಪ್ಯೂಟರ್ ಮುಂದಿದ್ದವನು ವಿಳಾಸ ಗಟ್ಟಿಯಾಗಿ ಓದಿ, "ಬರೋಬ್ಬರಿ ಅದ ಏನ್ರಿ?" ಅಂತ ಕೇಳಿದ. ಅಂಗಡಿಯಲ್ಲಿ ನಾಲ್ಕು ಜನ. ಹೂಂ ಅಂದೆ. ಯಾರೂ ತಿರುಗಿ ನೋಡಲಿಲ್ಲ. ಆದರೂ ಬಸ್‌ಸ್ಟ್ಯಾಂಡಿನವರೆಗೆ ಓಡುತ್ತಲೇ ಬಂದೆ.

ಡಿಸೆಂಬರ್ 18, ಹನ್ನೊಂದು ಗಂಟೆ

ಕೊಟ್ಟು ಬಂದೆ.

ಅವ್ವನ ಬುಟ್ಟಿಯಲ್ಲಿ ಇಪ್ಪತ್ತು ಪ್ಯಾಕೆಟ್. ಅಜ್ಜಿ ಗಲ್ಲಾದಲ್ಲಿದ್ದರು, ಚಸ್ಮ ಮನೆಯಲ್ಲಿ. "ಏನೋ ಹೊಸಾ ಚೀಟಿ ಹಚ್ಚೀರಿ. ಓದು ಸೌಭಾಗ್ಯ."

ಸೌಭಾಗ್ಯ ಓದಿದಳು. ಸಜ್ಜಿ ರೊಟ್ಟಿ. ಸಜ್ಜಿ, ಎಳ್ಳು, ಉಪ್ಪು. ತಯಾರಿಸಿದ ದಿನಾಂಕ. ಅಲ್ಲಿಗೆ ನಿಂತಳು.

"ಅಷ್ಟೇ ಏನು?"

"ಅಷ್ಟೇ ಅಜ್ಜಿ."

ನನ್ನ ಮುಖ ನೋಡಲಿಲ್ಲ. ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ನನಗೂ ಅದೇ ಬೇಕಿತ್ತು, ದೇವರಾಣೆ. ಆದರೆ ಮನೆಯಲ್ಲಿ ಅವ್ವ ಕೇಳುತ್ತಾಳೆ, ಓದಿದ್ರೇನು ಅಂತ.

"ಇನ್ನೂ ಅದರಿ ಅಜ್ಜಿ," ಅಂದೆ. "ತಯಾರಿಸಿದವರು, ಮರಿಲಿಂಗಮ್ಮ ಗಂಡ ಸಾಬಣ್ಣ. ಅಂಬೇಡ್ಕರ್ ನಗರ, ಶಹಾಪುರ."

ಬೆಲ್ಲ ಕೊಳ್ಳುತ್ತಿದ್ದ ಹೆಂಗಸು ನನ್ನ ಕಡೆ ತಿರುಗಿ ನೋಡಿದಳು. ಅಜ್ಜಿ ಬುಟ್ಟಿಯ ಮೇಲಿದ್ದ ಕೈ ತೆಗೆದರು. ನನ್ನನ್ನು ನೋಡಿದರು.

"ಬುಟ್ಟಿ ಇಟ್ಟು ಹೋಗು," ಅಂದರು. "ಚನ್ನಯ್ಯ ಬರ್ಲಿ."

ಡಿಸೆಂಬರ್ 19, ಎಳ್ಳ ಅಮಾವಾಸ್ಯೆ, ಮಧ್ಯಾಹ್ನ ಮೂರು

ಊರು ಖಾಲಿ. ಎಲ್ಲರೂ ಹೊಲದಲ್ಲಿ. ಅಂಗಡಿಗೆ ಬೀಗ. ಸೌಭಾಗ್ಯಳ ಫೋನ್ ಸ್ವಿಚ್ ಆಫ್. ಓಣಿಯ ತುದಿಯಲ್ಲಿ ಗಾಡಿ ಸದ್ದಾದರೆ ಎದ್ದು ಕಿಟಕಿಗೆ ಹೋಗುತ್ತೇನೆ. ಅಪ್ಪ ಇವತ್ತು ಕೆಲಸಕ್ಕೆ ಹೋಗಬಾರದಿತ್ತು. ಅವ್ವ ಬಟ್ಟೆ ಒಗೆಯುತ್ತಿದ್ದಾಳೆ, ಹಾಡು ಬೇರೆ.

ಹಬ್ಬಕ್ಕೆಂದು ಕೊಟ್ಟ ಬುಟ್ಟಿಯನ್ನು ಖಾಲಿ ವಾಪಸ್ ಕಳಿಸುವುದಿಲ್ಲ, ಏನಾದರೂ ತುಂಬಿಯೇ ಕಳಿಸುತ್ತಾರೆ. ಹಾಗಾಗಿ ಬುಟ್ಟಿ ಭಾರವಾಗಿ ಬಂದರೂ ಏನೂ ತಿಳಿಯುವುದಿಲ್ಲ. ಅವರ ಅಡುಗೆಯ ಭಾರವೋ, ನಮ್ಮ ರೊಟ್ಟಿಯ ಭಾರವೋ...

ಅದೇ ದಿನ, ಆರೂವರೆ

ಸೌಭಾಗ್ಯ ಬಂದಿದ್ದಳು, ಆಟೋದಲ್ಲಿ. ನಮ್ಮ ಮನೆಗೆ ಬಂದಿದ್ದು ಇದೇ ಮೊದಲು. ಬುಟ್ಟಿ ಭಾರ ಇತ್ತು. ಅವ್ವ ಮೇಲೆ ಮುಚ್ಚಿದ್ದ ಬಟ್ಟೆ ಸರಿಸಿದಳು.

ಹತ್ತೊಂಬತ್ತು ಪ್ಯಾಕೆಟ್. ಒಂದೂ ಬಿಚ್ಚಿಲ್ಲ. ಜೊತೆಗೊಂದು ಸ್ಟೀಲ್ ಡಬ್ಬಿ, ಅದರಲ್ಲಿ ಕಾಳು ಸೊಪ್ಪಿನ ಭಜ್ಜಿ ಪಲ್ಯ, ಎರಡು ಶೇಂಗಾ ಹೋಳಿಗೆ.

ಸೌಭಾಗ್ಯ ನೆಲ ನೋಡಿಕೊಂಡೇ ಹೇಳಿದಳು. ಅವಳ ಅಪ್ಪ ಎಲ್ಲ ವಾಪಸ್ ಕಳಿಸು ಅಂದನಂತೆ. ಬೆಳಗಿನ ಜಾವ ಮನೆಯವರೆಲ್ಲ ಕೂತು ಬೇರೆ ರೊಟ್ಟಿ ಬಡಿದರಂತೆ. ಇನ್ನು ಅಂಗಡಿಯಲ್ಲೂ ಇಡುವುದು ಬೇಡ ಅಂದಿದ್ದಾನೆ. "ಅಜ್ಜಿ ಒಂದು ಪ್ಯಾಕೆಟ್ ಉಡ್ಯಾಗ ಇಟ್ಕೊಂಡು ಬಂದಿದ್ಲು. ಹೊಲದಾಗ ಎಲ್ಲರ ಮುಂದನೇ ಬಿಚ್ಚಿದ್ಲು. ಅಪ್ಪ ಭಾಳ ಬಾಯಿ ಮಾಡ್ದ. 'ತಿಂಗಳಿಂದ ತಿನ್ನಾಕತ್ತೀನಿ, ಇವತ್ತೇನು ಹೊಸಾದು' ಅಂದು ಚರಗದಾಗೂ ಒಂದು ಮುರಿದು ಹಾಕಿದ್ಲು. ಎಳ್ಳು ಇನ್ನೊಂಚೂರು ಬೀಳಬೇಕಂತ."

ಅವ್ವ ಡಬ್ಬಿ ಕೈಯಲ್ಲಿ ಹಿಡಿದೇ ಇದ್ದಳು. "ಇದು ಯಾರ ಕೈಯಂದು?" ಅಂತ ಕೇಳಿದಳು.

"ಅಜ್ಜಿದು."

ಅವ್ವ ಅಲ್ಲೇ ಕುಳಿತು ಒಂದು ತುತ್ತು ಪಲ್ಯ ಬಾಯಿಗಿಟ್ಟಳು. ನಿಧಾನಕ್ಕೆ ಅಗಿದಳು. "ಉಪ್ಪು ಕಮ್ಮಿ ಆಗ್ಯದ ಅಂತ ಹೇಳು," ಅಂದಳು. ಸೌಭಾಗ್ಯ ನಕ್ಕಳು, ಆಮೇಲೆ ಅತ್ತಳು.

ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದಳು. ಅಜ್ಜಿಗೆ ವಾರಕ್ಕೆ ಎರಡು ಪ್ಯಾಕೆಟ್ ಬೇಕಂತೆ. ಚೀಟಿ ಹಚ್ಚಿದ್ದೇ ಬೇಕಂತೆ. ನಾನೇ ತಂದು ಕೈಗೆ ಕೊಡಬೇಕಂತೆ.

ರಿಪೋರ್ಟಿನ ಕೊನೆಯ ಪುಟ ಬರೆಯಲು ಕುಳಿತಿದ್ದೇನೆ. ಮಾರಾಟದ ಸ್ಥಳ: ಇಲ್ಲ. ಉಳಿದ ಮಾಲು: ಹತ್ತೊಂಬತ್ತು. ಗಿರಾಕಿ: ಒಬ್ಬರು. ಸರ್ ಹೇಳಿದ ಅರ್ಥದಲ್ಲಿ, ಒಬ್ಬರೇ.

ಸೋಮವಾರ ಒಯ್ಯಬೇಕು. ಚನ್ನಯ್ಯನವರು ಇರುತ್ತಾರೆ. ಮಾರ್ಕೆಟ್ ತುಂಬ ಜನ ಇರುತ್ತಾರೆ, ಈಗ ಎಲ್ಲರಿಗೂ ಗೊತ್ತು. ಸೌಭಾಗ್ಯಳನ್ನು ಒಂದು ಮಾತು ಕೇಳಬೇಕಿತ್ತು, ಬಾಯಿಯವರೆಗೂ ಬಂದಿತ್ತು, ಅವ್ವ ಪಕ್ಕದಲ್ಲಿದ್ದಳು ಅಂತ ಕೇಳಲಿಲ್ಲ. ಪ್ಯಾಕೆಟ್ ಹಿಡಿದುಕೊಂಡು ನಾನು ಬರಬೇಕಾದ್ದು ಅಂಗಡಿಯ ಮುಂದಿನ ಬಾಗಿಲಿಗೋ, ಇಲ್ಲ ಹಿಂದಿನ ಬಾಗಿಲಿಗೋ?